ಹೊಸ ಟ್ಯಾಂಕಿಗೆ ಹಳೆಯ ಧೂಳು

ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದ ಬೋವಿಂಗ್ಟನ್‌ನಲ್ಲಿ ಟ್ಯಾಂಕುಗಳಿಗೆಂದೇ ಒಂದು ಮ್ಯೂಸಿಯಂ ಇದೆ. ಅಲ್ಲಿಯ ಅತ್ಯಂತ ಹೆಸರುವಾಸಿ ವಾಹನ ‘ಟೈಗರ್ 131’. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಬಳಸಿದ ಈ ಟ್ಯಾಂಕನ್ನು 1943ರ ಏಪ್ರಿಲ್‌ನಲ್ಲಿ ಉತ್ತರ ಆಫ್ರಿಕದ ಟ್ಯುನಿಷಿಯಾದಲ್ಲಿ ಬ್ರಿಟಿಷರು ವಶಪಡಿಸಿಕೊಂಡರು. ಬ್ರಿಟಿಷರ ಗುಂಡು ಬಡಿದು ಅದರ ಗೋಪುರ ತಿರುಗದಂತೆ ಸಿಕ್ಕಿಹಾಕಿಕೊಂಡಿತು. ಒಳಗಿದ್ದವರು ಟ್ಯಾಂಕನ್ನು ಬಿಟ್ಟು ಓಡಿದರು. ಏಟು ಬಿದ್ದ ಆ ಗಾಯದ ಗುರುತು ಇವತ್ತಿಗೂ ಅದರ ಉಕ್ಕಿನ ಮೈಮೇಲೆ ಹಾಗೆಯೇ ಇದೆ.

ಇದೇ ಟೈಗರ್ ಟ್ಯಾಂಕಿನ ಪುಟ್ಟ ಪ್ರತಿರೂಪ ಈಗ ಪೆಟ್ಟಿಗೆಯಲ್ಲಿ ಬರುತ್ತದೆ. ಅಳತೆ 1/16. ಅಂದರೆ ನಿಜವಾದ ಟ್ಯಾಂಕಿನ ಹದಿನಾರನೇ ಒಂದು ಭಾಗ. ರಿಮೋಟಿನ ಗುಂಡಿ ಒತ್ತಿದರೆ ಎಂಜಿನ್ನಿನ ಸದ್ದು ಕೇಳುತ್ತದೆ, ಗೋಪುರ ತಿರುಗುತ್ತದೆ, ಫಿರಂಗಿಯ ನಳಿಗೆ ಮೇಲೆ ಕೆಳಗೆ ಆಡುತ್ತದೆ. ಎಲ್ಲವೂ ಸರಿ. ಆದರೂ ಅದನ್ನು ನೋಡಿದ ಯಾರೇ ಆಗಲಿ, ‘ಒಳ್ಳೇ ಆಟದ ಸಾಮಾನು’ ಎನ್ನುತ್ತಾರೆಯೇ ಹೊರತು ‘ಅಬ್ಬಾ, ಟ್ಯಾಂಕು!’ ಎನ್ನುವುದಿಲ್ಲ. ಏಕೆ?

ಏಕೆಂದರೆ ಅದು ಎಲ್ಲಿಗೂ ಹೋಗಿ ಬಂದಿಲ್ಲ. ಅದರ ಮೈಮೇಲೆ ಪ್ಲಾಸ್ಟಿಕ್ಕಿನ ಹೊಳಪಿದೆ. ಧೂಳಿಲ್ಲ, ಗೀರಿಲ್ಲ, ಎಣ್ಣೆಯ ಕಲೆಯಿಲ್ಲ. ಹೊಸ ಪ್ಲಾಸ್ಟಿಕ್ಕಿಗೆ ಹಳೆಯ ಉಕ್ಕಿನ ಕಳೆ ತರುವುದೇ ಮಾದರಿ ತಯಾರಕರ ಕುಶಲತೆ. ಜಗತ್ತಿನಾದ್ಯಂತ ಶಾಲಾ ಬಾಲಕರಿಂದ ನಿವೃತ್ತ ಎಂಜಿನಿಯರುಗಳವರೆಗೆ ಅನೇಕರು ಈ ಹವ್ಯಾಸಕ್ಕೆ ಅಂಟಿಕೊಂಡಿದ್ದಾರೆ. ‘ಆಟದ ಸಾಮಾನಿಗೆ ಬಣ್ಣ ಬಳಿಯುವುದರಲ್ಲಿ ಏನಿದೆ?’ ಎಂದು ಕೇಳುವ ತಂದೆ ತಾಯಿಯರು ಸ್ವಲ್ಪ ತಾಳಬೇಕು. ಇದರಲ್ಲಿ ಗಣಿತವಿದೆ, ರಸಾಯನಶಾಸ್ತ್ರವಿದೆ, ಇತಿಹಾಸವಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಣ್ಣು ಬಿಟ್ಟು ನೋಡುವ ಅಭ್ಯಾಸವಿದೆ.

ಬ್ಯಾಟರಿಯಿಂದ ಹುಟ್ಟಿದ ಅಳತೆ

ಈ ಹವ್ಯಾಸದ ಕಥೆಯಲ್ಲಿ ಜಪಾನಿನ ಶಿಜುವೊಕಾ ನಗರಕ್ಕೆ ದೊಡ್ಡ ಸ್ಥಾನವಿದೆ. ಅಲ್ಲಿಯ ತಮಿಯಾ ಸಂಸ್ಥೆ 1946ರಲ್ಲಿ ಆರಂಭವಾದದ್ದು ಮರದ ವ್ಯಾಪಾರಕ್ಕಾಗಿ. ಅನಂತರ ಮರದ ಮಾದರಿಗಳಿಗೆ, 1960ರಲ್ಲಿ ಪ್ಲಾಸ್ಟಿಕ್ ಮಾದರಿಗಳಿಗೆ ಅದು ಕೈ ಹಾಕಿತು. ಸ್ವಲ್ಪ ಸಮಯದಲ್ಲೇ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಮಾದರಿ ಬಂತು. ಆಗ ಅದರ ಅಗಲವನ್ನು ನಿರ್ಧರಿಸಿದ್ದು ಯಾವ ಶಾಸ್ತ್ರವೂ ಅಲ್ಲ. ಹೊಟ್ಟೆಯೊಳಗೆ ಬ್ಯಾಟರಿಗಳು ಹಿಡಿಸಬೇಕು ಎಂಬ ಲೆಕ್ಕ! ಆಮೇಲೆ ಅಳೆದು ನೋಡಿದರೆ ಅದು ನಿಜವಾದ ಟ್ಯಾಂಕಿನ ಸುಮಾರು 1/35 ಆಗಿತ್ತು. ಆ 1/35 ಇಂದಿಗೂ ಸೈನಿಕ ವಾಹನಗಳ ಮಾದರಿಗಳಿಗೆ ಜಗತ್ತೇ ಒಪ್ಪಿದ ಅಳತೆ. ರೇಡಿಯೊ ನಿಯಂತ್ರಣದ ದೊಡ್ಡ ಟ್ಯಾಂಕುಗಳಿಗೆ ಮಾತ್ರ 1/16 ರೂಢಿಗೆ ಬಂತು. ಈಗ ತಮಿಯಾದ ಜೊತೆಗೆ ಚೀನಾದ ಹೆಂಗ್ ಲಾಂಗ್ ಮುಂತಾದ ಸಂಸ್ಥೆಗಳೂ ಈ ಅಳತೆಯ ಟ್ಯಾಂಕುಗಳನ್ನು ತಯಾರಿಸುತ್ತವೆ. ಕೆಲವು ಬಿಡಿಭಾಗಗಳಾಗಿ ಬರುತ್ತವೆ, ಕೆಲವು ಜೋಡಿಸಿಯೇ ಬರುತ್ತವೆ.

ಹದಿನಾರರ ಲೆಕ್ಕ

ಕುಂಚ ಹಿಡಿಯುವ ಮೊದಲು ಒಂದು ಕಾಗದ, ಪೆನ್ಸಿಲ್ ಹಿಡಿಯುವುದು ಒಳ್ಳೆಯದು. ಟೈಗರ್ ಟ್ಯಾಂಕಿನ ಉದ್ದ ನಳಿಗೆಯೂ ಸೇರಿ ಸುಮಾರು 8.45 ಮೀಟರ್. ಹದಿನಾರರಿಂದ ಭಾಗಿಸಿದರೆ ಸುಮಾರು 53 ಸೆಂಟಿಮೀಟರ್. ಮುಂಭಾಗದ ಉಕ್ಕಿನ ದಪ್ಪ 100 ಮಿಲಿಮೀಟರ್. ಮಾದರಿಯಲ್ಲಿ ಅದು 6 ಮಿಲಿಮೀಟರಿಗೆ ತುಸು ಹೆಚ್ಚು. 88 ಮಿಲಿಮೀಟರ್ ನಳಿಗೆಯ ರಂಧ್ರ ಇಲ್ಲಿ ಕೇವಲ 5.5 ಮಿಲಿಮೀಟರ್.

ತೂಕಕ್ಕೆ ಬಂದರೆ ಲೆಕ್ಕವೇ ಬೇರೆ. ಉದ್ದ, ಅಗಲ, ಎತ್ತರ ಮೂರೂ ಹದಿನಾರು ಪಟ್ಟು ಇಳಿಯುವುದರಿಂದ ತೂಕ 16×16×16, ಅಂದರೆ 4096 ಪಟ್ಟು ಇಳಿಯಬೇಕು. ಟೈಗರ್‌ನ ತೂಕ ಸುಮಾರು 57 ಟನ್. ಆ ಪ್ರಕಾರ ಮಾದರಿ 14 ಕೆ.ಜಿ.ಯಷ್ಟು ತೂಗಬೇಕು. ಪ್ಲಾಸ್ಟಿಕ್ ಮಾದರಿ ಅದಕ್ಕಿಂತ ಎಷ್ಟೋ ಹಗುರ. ಅದಕ್ಕೇ ಅದು ಚಿಕ್ಕ ಕಲ್ಲು ಹತ್ತಿದರೂ ಕುಪ್ಪಳಿಸುತ್ತದೆ! ಕೆಲವರು ತಳಭಾಗದಲ್ಲಿ ಲೋಹದ ತುಂಡುಗಳನ್ನು ಇಟ್ಟು ತೂಕ ಹೆಚ್ಚಿಸುತ್ತಾರೆ. ವೇಗಕ್ಕೂ ಇದೇ ಮಾತು. ರಸ್ತೆಯ ಮೇಲೆ ಟೈಗರ್ ಗಂಟೆಗೆ ಹೆಚ್ಚೆಂದರೆ 40 ಕಿ.ಮೀ.ಗಿಂತ ಸ್ವಲ್ಪ ಕಡಿಮೆ ಓಡುತ್ತಿತ್ತು. ಮಾದರಿ ಗಂಟೆಗೆ ಎರಡೂವರೆ ಕಿ.ಮೀ. ಹೋದರೆ ಸಾಕು. ಅಂದರೆ ಅಜ್ಜ ಮೊಮ್ಮಗನ ಕೈಹಿಡಿದು ನಡೆಯುವಷ್ಟು ವೇಗ.

ಈ ಲೆಕ್ಕ ಮುಂದೆ ಪ್ರತಿ ಹೆಜ್ಜೆಯಲ್ಲೂ ಕೆಲಸಕ್ಕೆ ಬರುತ್ತದೆ.

ಬಿಚ್ಚುವುದು ಮೊದಲು, ಬಳಿಯುವುದು ಆಮೇಲೆ

ಸುಮ್ಮನೆ ಕಪಾಟಿನಲ್ಲಿ ಇಡುವ ಮಾದರಿಗೂ ಓಡುವ ಮಾದರಿಗೂ ದೊಡ್ಡ ವ್ಯತ್ಯಾಸವಿದೆ. ಓಡುವ ಟ್ಯಾಂಕಿನ ಹೊಟ್ಟೆಯಲ್ಲಿ ಮೋಟಾರು, ಹಲ್ಲುಗಾಲಿ, ತಂತಿ, ಸ್ಪೀಕರ್ ಎಲ್ಲ ಇವೆ. ಬಣ್ಣ ಅಲ್ಲಿಗೆ ಇಳಿದರೆ ಕಥೆ ಮುಗಿಯಿತು. ಆದ್ದರಿಂದ ಬ್ಯಾಟರಿ ತೆಗೆದು, ಮೇಲಿನ ಕವಚವನ್ನು ತಳದಿಂದ ಬೇರ್ಪಡಿಸಬೇಕು. ಯಾವ ತಂತಿ ಎಲ್ಲಿಗೆ ಸೇರಿತ್ತು ಎಂದು ಚೂರು ಕಾಗದದ ಟೇಪು ಅಂಟಿಸಿ ಗುರುತು ಬರೆಯಬೇಕು. ಈ ಐದು ನಿಮಿಷದ ಕೆಲಸವನ್ನು ಸೋಮಾರಿತನದಿಂದ ಬಿಟ್ಟವರು ಆಮೇಲೆ ಐದು ಗಂಟೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಸರಪಳಿಗಳನ್ನೂ ಗಾಲಿಗಳನ್ನೂ ಕಳಚಿಡಬೇಕು. ಗೋಪುರ ಕೂರುವ ವೃತ್ತ, ಗಾಲಿಯ ಅಚ್ಚು, ನಳಿಗೆಯ ಕೀಲು ಇವುಗಳಿಗೆ ಟೇಪು ಸುತ್ತಬೇಕು. ಉಜ್ಜಾಡುವ ಜಾಗದಲ್ಲಿ ಬಣ್ಣದ ಒಂದು ಪದರ ಹೆಚ್ಚಾದರೂ ಗೋಪುರ ತಿರುಗಲು ತಿಣುಕುತ್ತದೆ.

ಆಮೇಲೆ ಬಿಡಿಭಾಗಗಳಿಗೆ ಸೋಪಿನ ನೀರಿನ ಸ್ನಾನ. ಅಚ್ಚಿನಿಂದ ಪ್ಲಾಸ್ಟಿಕ್ ಸುಲಭವಾಗಿ ಬಿಡಲಿ ಎಂದು ಕಾರ್ಖಾನೆಯಲ್ಲಿ ಹಚ್ಚಿದ ಜಿಡ್ಡು ಅದರ ಮೇಲೆ ಉಳಿದಿರಬಹುದು. ಕೈಯ ಬೆವರೂ ಅಂಟಿರುತ್ತದೆ. ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಒಣಗಿದ ಮೇಲೆ ಅಚ್ಚಿನ ಎರಡು ಹೋಳು ಸೇರಿದ ಕಡೆ ಕಾಣುವ ಸಣ್ಣ ಗೆರೆಯನ್ನು ಚಾಕುವಿನಿಂದ ಹೆರೆದು, 400 ಮತ್ತು 600 ನಂಬರಿನ ಉಜ್ಜುಕಾಗದದಿಂದ ನಯ ಮಾಡಬೇಕು. ತಿರುಪಿನ ಗುಂಡಿಗಳನ್ನು ಪುಟ್ಟಿಯಿಂದ ಮುಚ್ಚಬಹುದು. ಆದರೆ ಮುಂದೆ ರಿಪೇರಿಗೆ ಬಿಚ್ಚಬೇಕಾದ ತಿರುಪನ್ನು ಮುಚ್ಚಬಾರದು!

ಸಣ್ಣದರಲ್ಲಿದೆ ಸೊಗಸು

ಟ್ಯಾಂಕಿನ ಉಕ್ಕು ಅಡುಗೆಮನೆಯ ಸ್ಟೀಲ್ ಡಬ್ಬಿಯ ಹಾಗೆ ನುಣ್ಣಗಿರುವುದಿಲ್ಲ. ದಪ್ಪ ತಗಡುಗಳ ಮೈ ತುಸು ಒರಟು, ಸೇರಿಸಿದ ಕಡೆ ಬೆಸುಗೆಯ ಉಬ್ಬು ಸಾಲು. ತೆಳ್ಳಗೆ ಮಾಡಿದ ಪುಟ್ಟಿಯನ್ನು ಗಡುಸು ಕುಂಚದ ತುದಿಯಿಂದ ಕುಟ್ಟಿ ಕುಟ್ಟಿ ಹಚ್ಚಿದರೆ ಆ ಒರಟುತನ ಬರುತ್ತದೆ. ಪುಟ್ಟಿಯನ್ನು ಶಾವಿಗೆಯಂತೆ ಎಳೆ ಮಾಡಿ, ಸಂದಿಯಲ್ಲಿ ಕೂರಿಸಿ, ಚಾಕುವಿನ ತುದಿಯಿಂದ ಒತ್ತೊತ್ತಾಗಿ ಗೀರಿದರೆ ಬೆಸುಗೆ ಸಿದ್ಧ. ಕಡುಬಿನ ಅಂಚನ್ನು ಒತ್ತಿ ಮಡಿಸುವ ಅಮ್ಮನ ಬೆರಳನ್ನು ನೋಡಿದವರಿಗೆ ಇದೇನೂ ಕಷ್ಟವಲ್ಲ.

ದಪ್ಪನೆಯ ಪ್ಲಾಸ್ಟಿಕ್ ಹಿಡಿಕೆಗಳನ್ನು ಕತ್ತರಿಸಿ, ಹಳೆಯ ವಿದ್ಯುತ್ ವೈರಿನೊಳಗಿನ ತಾಮ್ರದ ತಂತಿಯಿಂದ ಹೊಸ ಹಿಡಿಕೆ ಬಗ್ಗಿಸಬಹುದು. ಅದೇ ತಂತಿಯ ಎಳೆಗಳನ್ನು ಹುರಿ ಮಾಡಿದರೆ ಎಳೆಯುವ ಹಗ್ಗವಾಗುತ್ತದೆ. ತೆಳು ಕಾಗದವನ್ನು ನೀರು ಬೆರೆಸಿದ ಅಂಟಿನಲ್ಲಿ ನೆನೆಸಿ ಮಡಿಸಿದರೆ ಟಾರ್ಪಾಲಿನ್. ಇವಕ್ಕೆ ಖರ್ಚಾಗುವುದು ಸಮಯ ಮಾತ್ರ.

ಈ ಹಂತದಲ್ಲೇ ಫೋಟೋಗಳನ್ನು ಗಮನವಿಟ್ಟು ನೋಡಬೇಕು. ಉದಾಹರಣೆಗೆ, ಆಯಸ್ಕಾಂತದ ಸಿಡಿಮದ್ದು ಅಂಟದಿರಲಿ ಎಂದು ಜರ್ಮನರು ಟ್ಯಾಂಕಿನ ಮೈಗೆ ‘ಜಿಮ್ಮರಿಟ್’ ಎಂಬ ಗಾರೆಯಂಥ ಲೇಪವನ್ನು ಬಳಿಯುತ್ತಿದ್ದರು. ಆದರೆ ಅದು ಶುರುವಾದದ್ದು 1943ರ ಮಧ್ಯಭಾಗದ ನಂತರ. ನಿಂತದ್ದು 1944ರ ಸೆಪ್ಟೆಂಬರ್‌ನಲ್ಲಿ. ಏಪ್ರಿಲ್‌ನಲ್ಲೇ ಸೆರೆಸಿಕ್ಕ ಟೈಗರ್ 131ಕ್ಕೆ ಜಿಮ್ಮರಿಟ್ ಬಳಿದರೆ ಇತಿಹಾಸವೇ ತಪ್ಪಾಯಿತು. ಇಸವಿಗಳನ್ನು ಬಾಯಿಪಾಠ ಮಾಡಲು ಬೇಸರಪಡುವ ಹುಡುಗ ಇಂಥ ಇಸವಿಯನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಬಣ್ಣದ ಗುಟ್ಟು

ಮೊದಲು ಪ್ರೈಮರ್. ಬೂದು ಬಣ್ಣದ ಪ್ರೈಮರನ್ನು 20–30 ಸೆಂಟಿಮೀಟರ್ ದೂರದಿಂದ ತೆಳ್ಳಗೆ, ಎರಡು ಮೂರು ಸಲ ಸಿಂಪಡಿಸಬೇಕು. ‘ಒಂದೇ ಸಲಕ್ಕೆ ಮುಗಿಸಿಬಿಡೋಣ’ ಎಂದು ದಪ್ಪಗೆ ಹೊಡೆದರೆ ಏನಾಗುತ್ತದೆ? ಮಾದರಿಯ ಮೇಲೆ ಹತ್ತನೇ ಒಂದು ಮಿಲಿಮೀಟರ್ ಬಣ್ಣ ಕೂತರೆ ನಿಜವಾದ ಟ್ಯಾಂಕಿನ ಲೆಕ್ಕದಲ್ಲಿ ಅದು 1.6 ಮಿಲಿಮೀಟರ್. ಮೊಳೆಯ ತಲೆಗಳೆಲ್ಲ ಸುಣ್ಣದಲ್ಲಿ ಮುಳುಗಿದ ಹಾಗೆ ಕಾಣುತ್ತವೆ. ಪ್ರೈಮರ್ ಹೊಡೆದ ಕೂಡಲೇ ಅಲ್ಲಿಯವರೆಗೆ ಕಾಣದಿದ್ದ ಗೆರೆ, ಗುಳಿಗಳೆಲ್ಲ ಎದ್ದು ಕಾಣುತ್ತವೆ. ಆಗ ಹಿಂದಕ್ಕೆ ಹೋಗಿ ಸರಿಪಡಿಸುವ ತಾಳ್ಮೆ ಬೇಕು.

ಅದರ ಮೇಲೆ ಮೂಲ ಬಣ್ಣ. 1943ರ ಫೆಬ್ರುವರಿಯಲ್ಲಿ ಜರ್ಮನ್ ಸೇನೆ ತನ್ನ ವಾಹನಗಳಿಗೆ ಕಡು ಹಳದಿಯನ್ನು ಮೂಲ ಬಣ್ಣವೆಂದು ಗೊತ್ತುಮಾಡಿತು. ಕೆಂಗಂದು ಮತ್ತು ಹಸಿರು ಬಣ್ಣಗಳನ್ನು ಗಟ್ಟಿ ಲೇಪದ ರೂಪದಲ್ಲಿ ಸೈನಿಕರಿಗೇ ಕೊಡುತ್ತಿದ್ದರು. ಅವರು ಅದನ್ನು ಪೆಟ್ರೋಲಿನಲ್ಲೋ ನೀರಿನಲ್ಲೋ ಕಲಸಿ, ಇದ್ದ ಜಾಗದಲ್ಲೇ ಪಟ್ಟೆ ಎಳೆಯುತ್ತಿದ್ದರು. ಹಾಗಾಗಿ ಆ ಬಳಿಕದ ಒಂದು ಟ್ಯಾಂಕಿನ ಬಣ್ಣ ಇನ್ನೊಂದರಂತೆ ಇರುತ್ತಿರಲಿಲ್ಲ.

ಇನ್ನೊಂದು ವಿಚಿತ್ರ. ನಿಜವಾದ ಟ್ಯಾಂಕಿನ ಬಣ್ಣವನ್ನೇ ತಂದು ಮಾದರಿಗೆ ಬಳಿದರೆ ಅದು ಕಪ್ಪಾಗಿ ಕಾಣುತ್ತದೆ! ದೂರದ ಬೆಟ್ಟ ಮಸುಕಾಗಿ ಕಾಣುವುದಿಲ್ಲವೆ? ಹಾಗೆಯೇ ದೂರದಿಂದ ಕಾಣುವ ದೊಡ್ಡ ವಸ್ತುವಿನ ಬಣ್ಣ ತಿಳಿಯಾಗಿರುತ್ತದೆ. ಮೇಜಿನ ಮೇಲಿನ ಮಾದರಿ ದೊಡ್ಡದಾಗಿ ತೋರಬೇಕಾದರೆ ಬಣ್ಣಕ್ಕೆ ತುಸು ಬಿಳಿ ಅಥವಾ ತಿಳಿ ಹಳದಿ ಬೆರೆಸಬೇಕು. ಬಿಸಿಲು ಬೀಳುವ ಮೇಲ್ಭಾಗಕ್ಕೆ ಇನ್ನಷ್ಟು ತಿಳಿ, ತಳಕ್ಕೆ ಕಡು.

ದೀಪದ ಬತ್ತಿಯ ಪಾಠ

ಬಣ್ಣ ಒಣಗಿದ ಮೇಲೆ ಹೊಳಪಿನ ವಾರ್ನಿಷ್, ಅದರ ಮೇಲೆ ಸಂಖ್ಯೆ–ಚಿಹ್ನೆಗಳ ಸ್ಟಿಕ್ಕರ್. ಈಗ ಬರುವುದು ‘ವಾಶ್’. ಕಲಾವಿದರ ಎಣ್ಣೆ ಬಣ್ಣದಲ್ಲಿ ಕಡು ಕಂದನ್ನು ತೆಗೆದುಕೊಂಡು, ವೈಟ್ ಸ್ಪಿರಿಟ್‌ನಲ್ಲಿ ಕಷಾಯದಷ್ಟು ತೆಳ್ಳಗೆ ಕಲಸಬೇಕು. ಸಣ್ಣ ಕುಂಚದ ತುದಿಯನ್ನು ಮೊಳೆಯ ಬುಡಕ್ಕೆ ಮುಟ್ಟಿಸಿದರೆ ಸಾಕು, ಬಣ್ಣ ತಾನಾಗಿ ಸಂದಿಗುಂಟ ಹರಿದು ಹೋಗುತ್ತದೆ! ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವ ಅದೇ ಕೇಶಾಕರ್ಷಣೆ ಇಲ್ಲಿಯ ಕೆಲಸಗಾರ. ಕೆಳಗಿನ ಬಣ್ಣ ಅಕ್ರಿಲಿಕ್ ಆಗಿದ್ದು ಮೇಲೆ ವಾರ್ನಿಷಿನ ರಕ್ಷಣೆಯೂ ಇದ್ದರೆ ವೈಟ್ ಸ್ಪಿರಿಟ್ ಅದನ್ನು ಕರಗಿಸುವುದಿಲ್ಲ. ತಪ್ಪಿದರೆ ಒರೆಸಿ ಮತ್ತೆ ಮಾಡಬಹುದು.

ವಾಶ್ ತಗ್ಗನ್ನು ಕಪ್ಪಾಗಿಸಿದರೆ ‘ಒಣ ಕುಂಚ’ ಉಬ್ಬನ್ನು ಬೆಳಗಿಸುತ್ತದೆ. ಕುಂಚಕ್ಕೆ ತಿಳಿ ಬಣ್ಣ ಹಚ್ಚಿ, ಬಟ್ಟೆಯ ಮೇಲೆ ಹೆಚ್ಚುಕಡಿಮೆ ಪೂರ್ತಿ ಒರೆಸಿ, ಆಮೇಲೆ ಅಂಚುಗಳ ಮೇಲೆ ಹಗುರವಾಗಿ ಆಡಿಸುವುದು. ಬೆಲ್ಜಿಯಂನ ಫ್ರಾನ್ಸ್ವಾ ವೆರ್ಲಿಂಡೆನ್ ಮುಂತಾದವರಿಂದ ಈ ಎರಡು ವಿಧಾನಗಳು ಜನಪ್ರಿಯವಾದವು. ಅಮೆರಿಕದ ಶೆಪರ್ಡ್ ಪೇನ್, ಮಾದರಿಯ ಸುತ್ತ ನೆಲ, ಗೋಡೆ, ಮನುಷ್ಯರನ್ನು ಕೂಡಿಸಿ ಒಂದು ಕಥೆಯನ್ನೇ ಹೇಳುವ ದೃಶ್ಯರಚನೆಗೆ ಹೆಸರಾದರು. ನಮಗೆ ಇದು ತೀರಾ ಹೊಸತಲ್ಲ. ದಸರೆಯಲ್ಲಿ ಗೊಂಬೆ ಕೂರಿಸುವಾಗ ಮರಳು ಹಾಸಿ, ರಾಗಿ ಮೊಳಕೆಯ ಗದ್ದೆ ಬೆಳೆಸಿ, ಕನ್ನಡಿಯ ಕೆರೆ ಇಡುವ ಅಜ್ಜಿಯರು ಮಾಡುವುದೂ ಅದನ್ನೇ ಅಲ್ಲವೆ?

ಕೈ ನಡುಗುವ ಗಳಿಗೆ

ಇಲ್ಲಿಗೆ ಟ್ಯಾಂಕು ಚೆಂದವಾಗಿದೆ. ವಾರಗಟ್ಟಲೆ ಕೂತು ಮಾಡಿದ ಕೆಲಸ. ಈಗ ಅದರ ಮೇಲೆ ಕೈಯಾರೆ ಗೀರು ಹಾಕಬೇಕು, ತುಕ್ಕು ಹಿಡಿಸಬೇಕು, ಕೆಸರು ಮೆತ್ತಬೇಕು. ಬಹಳ ಜನ ಇಲ್ಲಿಯೇ ನಿಂತುಬಿಡುತ್ತಾರೆ. ಕೆಟ್ಟರೆ? ಉಳಿದ ಕೆಲವರು ಹುರುಪಿನಲ್ಲಿ ಮುನ್ನುಗ್ಗಿ ಇಡೀ ಟ್ಯಾಂಕನ್ನು ಗುಜರಿ ಅಂಗಡಿಯ ಡ್ರಮ್ ಮಾಡಿಬಿಡುತ್ತಾರೆ. ಎರಡಕ್ಕೂ ಮದ್ದು ಒಂದೇ: ಪ್ರತಿ ಕಲೆಗೂ ಒಂದು ಕಾರಣ ಇರಬೇಕು.

ಬಣ್ಣ ಎದ್ದು ಹೋಗುವುದು ಎಲ್ಲಿ? ಸೈನಿಕರು ಹತ್ತಿ ಇಳಿಯುವ ದಾರಿಯಲ್ಲಿ, ಮುಚ್ಚಳದ ಅಂಚಿನಲ್ಲಿ, ಸಲಕರಣೆ ಇಟ್ಟು ತೆಗೆಯುವ ಜಾಗದಲ್ಲಿ. ಸ್ಪಂಜಿನ ಚೂರನ್ನು ಕಡು ಕಂದು ಬಣ್ಣಕ್ಕೆ ಅದ್ದಿ, ಒರೆಸಿ, ಅಲ್ಲಿ ಮಾತ್ರ ಮುಟ್ಟಿಸಬೇಕು. ಹದಿನಾರರ ಲೆಕ್ಕ ನೆನಪಿರಲಿ. ಎರಡು ಮಿಲಿಮೀಟರಿನ ಚುಕ್ಕಿ ನಿಜವಾದ ಟ್ಯಾಂಕಿನಲ್ಲಿ 32 ಮಿಲಿಮೀಟರಿನ ಗಾಯ. ಇನ್ನೊಂದು ಉಪಾಯವೂ ಇದೆ: ತುಕ್ಕಿನ ಬಣ್ಣದ ಮೇಲೆ ಕೂದಲಿಗೆ ಹೊಡೆಯುವ ಹೇರ್ ಸ್ಪ್ರೇ, ಅದರ ಮೇಲೆ ಅಕ್ರಿಲಿಕ್ ಮೂಲ ಬಣ್ಣ. ಆಮೇಲೆ ಒದ್ದೆ ಕುಂಚದಿಂದ ಉಜ್ಜಿದರೆ ಹೇರ್ ಸ್ಪ್ರೇ ನೀರಿನಲ್ಲಿ ಸಡಿಲವಾಗಿ ಬಣ್ಣ ನಿಜಕ್ಕೂ ಚಕ್ಕೆಚಕ್ಕೆಯಾಗಿ ಏಳುತ್ತದೆ. ಆದರೆ ಇದನ್ನು ಬಣ್ಣ ಹಚ್ಚುವಾಗಲೇ ಯೋಚಿಸಿರಬೇಕು.

ತುಕ್ಕಿನ ವಿಷಯದಲ್ಲೂ ವಿವೇಕ ಬೇಕು. ನಾಲ್ಕು ಬೆರಳು ದಪ್ಪದ ಉಕ್ಕು ತುಕ್ಕು ತಿಂದು ತೂತಾಗುವುದಿಲ್ಲ. ತೆಳು ತಗಡಿನ ಮಡ್‌ಗಾರ್ಡ್ ಮಾತ್ರ ಸೊಟ್ಟಗಾಗಿ ತುಕ್ಕು ಹಿಡಿಯಬಹುದು. ಸರಪಳಿಗೆ ಕಂದು ಬಣ್ಣ ಸರಿ, ಆದರೆ ನೆಲಕ್ಕೆ ಉಜ್ಜುವ ಉಬ್ಬುಗಳು ಬೆಳ್ಳಗೆ ಹೊಳೆಯಬೇಕು. ಉಳುವ ನೇಗಿಲಿನ ಗುಳದ ಹಾಗೆ.

ಕೆಸರಿಗೆ ಗುರು ಟ್ರ್ಯಾಕ್ಟರು

ಕೆಸರಿನ ಪಾಠಕ್ಕೆ ಬೋವಿಂಗ್ಟನ್‌ಗೆ ಹೋಗಬೇಕಿಲ್ಲ. ಮಳೆಗಾಲದಲ್ಲಿ ಗದ್ದೆಯಿಂದ ಮೇಲೆ ಬಂದ ಟ್ರ್ಯಾಕ್ಟರನ್ನು, ರಸ್ತೆ ಕೆಲಸದ ಬುಲ್ಡೋಜರನ್ನು ಐದು ನಿಮಿಷ ನಿಂತು ನೋಡಿದರೆ ಸಾಕು. ಒದ್ದೆ ಕೆಸರು ಕಪ್ಪಗೆ, ಒಣಗಿದ್ದು ಬೆಳ್ಳಗೆ. ಕೆಳಗೆ ದಪ್ಪ, ಮೇಲಕ್ಕೆ ಹೋದಂತೆ ಬರೀ ಧೂಳು. ಮಳೆ ನೀರು ಇಳಿದ ಕಡೆ ಉದ್ದುದ್ದ ಗೆರೆ. ಎಣ್ಣೆ ಸುರಿದ ಕಡೆ ಧೂಳು ಅಂಟಿ ಕಪ್ಪು ಮಚ್ಚೆ. ಮಲೆನಾಡಿನ ಕೆಮ್ಮಣ್ಣಿಗೂ ಬಿಜಾಪುರದ ಎರೆಮಣ್ಣಿಗೂ ಎಷ್ಟು ವ್ಯತ್ಯಾಸ! ಟ್ಯಾಂಕು ಓಡಾಡಿದ್ದು ಎಲ್ಲಿ ಎಂದು ಅದರ ಗಾಲಿಯ ಮಣ್ಣೇ ಹೇಳಬೇಕು.

ಮಣ್ಣನ್ನು ಒಣಗಿಸಿ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಸಾಸಿವೆ ಗಾತ್ರದ ಹರಳು ಉಳಿದರೂ ಮಾದರಿಯ ಮೇಲೆ ಅದು ಜಲ್ಲಿಕಲ್ಲು! ಈ ಪುಡಿಗೆ ಬಣ್ಣದ ಪುಡಿ, ಹೊಳಪಿಲ್ಲದ ಅಕ್ರಿಲಿಕ್ ವಾರ್ನಿಷ್ ಸೇರಿಸಿ ಕಲಸಿದರೆ ಕೆಸರು. ಬರೀ ಮಣ್ಣು ಹಚ್ಚಿದರೆ ಟ್ಯಾಂಕು ಓಡಿದ ಮೊದಲ ದಿನವೇ ಉದುರಿ ಹಲ್ಲುಗಾಲಿ ಸೇರುತ್ತದೆ. ಗಾಲಿಯ ಮುಖಕ್ಕೆ, ತಳದ ಬದಿಗೆ ಹಚ್ಚಬಹುದು; ಸರಪಳಿಯ ಕೀಲಿಗೆ, ಅಚ್ಚಿಗೆ ಕೂಡದು. ಕೊನೆಯಲ್ಲಿ ಹೊಳಪಿಲ್ಲದ ವಾರ್ನಿಷಿನ ತೆಳು ಪದರ. ಕರಾವಳಿಯವರು, ಮಲೆನಾಡಿನವರು ಇದಕ್ಕೆ ಬಿಸಿಲಿನ ದಿನ ಕಾಯುವುದು ಕ್ಷೇಮ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ವಾರ್ನಿಷ್ ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಇಷ್ಟಾದ ಮೇಲೆ ಅಂಗಳಕ್ಕೆ ಬಿಟ್ಟು ಓಡಿಸಿದರೆ ಉಳಿದ ಧೂಳನ್ನು ಟ್ಯಾಂಕು ತಾನೇ ಸಂಪಾದಿಸಿಕೊಳ್ಳುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುವುದು ಇಲ್ಲಿ ಅಕ್ಷರಶಃ ನಿಜ.

ಈ ಕೈಚಳಕ ಹೊಟ್ಟೆಪಾಡಿಗೂ ಬರುತ್ತದೆ. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಅಂತರಿಕ್ಷ ನೌಕೆಗಳ ಮೈಮೇಲಿನ ಅಸಂಖ್ಯಾತ ಕೊಳವೆ, ಪೆಟ್ಟಿಗೆಗಳನ್ನು ಮಾದರಿ ತಯಾರಕರು ಅಂಗಡಿಯಲ್ಲಿ ಸಿಗುವ ಟ್ಯಾಂಕು, ವಿಮಾನಗಳ ಪ್ಲಾಸ್ಟಿಕ್ ಬಿಡಿಭಾಗಗಳಿಂದಲೇ ಜೋಡಿಸಿದ್ದರು. ವಾಸ್ತುಶಿಲ್ಪ, ಕಾರು ವಿನ್ಯಾಸ, ಮ್ಯೂಸಿಯಂಗಳಲ್ಲೂ ಮಾದರಿ ಮಾಡುವವರಿಗೆ ಕೆಲಸವಿದೆ.

ಒಳಗೆ ಕೂತವರು

ಮಕ್ಕಳ ಕೈಗೆ ಯುದ್ಧದ ಯಂತ್ರ ಕೊಡುವುದು ಸರಿಯೇ ಎಂದು ಕೆಲವು ತಂದೆ ತಾಯಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಗುಂಡಿ ಒತ್ತಿ ‘ಢಂ’ ಎನಿಸುವ ಹುಡುಗನಿಗೂ ತಿಂಗಳುಗಟ್ಟಲೆ ಕೂತು ಒಂದು ಗಾಯದ ಗುರುತನ್ನು ಬಿಡಿಸುವ ಹುಡುಗನಿಗೂ ವ್ಯತ್ಯಾಸವಿದೆ. ಎರಡನೆಯವನು ಕೇಳಲೇಬೇಕಾಗುತ್ತದೆ: ಈ ಗುಂಡು ಬಡಿದಾಗ ಒಳಗೆ ಯಾರಿದ್ದರು? ಟೈಗರ್‌ನೊಳಗೆ ಐದು ಜನ ಕೂರುತ್ತಿದ್ದರು. ಆ ಇಕ್ಕಟ್ಟಿನಿಂದ ಹೊರಬರಲು ಇದ್ದದ್ದು ಈ ಚಿಕ್ಕ ಮುಚ್ಚಳಗಳೇ. ಅವುಗಳ ಅಂಚಿನ ಬಣ್ಣ ಸವೆದಿರುವುದು ಅದಕ್ಕೇ.

ನಮ್ಮ ದೇಶದಲ್ಲೂ ಇಂಥ ಕಥೆಗಳಿವೆ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಹವಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲಿನ ತೋಪಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿ ಪ್ರಾಣ ಕೊಟ್ಟರು. 1971ರ ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ತಮ್ಮ ‘ಫಾಮಾಗುಸ್ತಾ’ ಎಂಬ ಸೆಂಚೂರಿಯನ್ ಟ್ಯಾಂಕಿಗೆ ಬೆಂಕಿ ಹತ್ತಿದ ಮೇಲೂ ಅದನ್ನು ಬಿಟ್ಟಿಳಿಯಲಿಲ್ಲ. ಇಬ್ಬರಿಗೂ ಮರಣೋತ್ತರ ಪರಮವೀರ ಚಕ್ರ ಸಂದಿದೆ. ಖೇತ್ರಪಾಲ್ ಅವರಿಗೆ ಆಗ 21 ವರ್ಷ. ಇಂದಿನ ಲೆಕ್ಕದಲ್ಲಿ ಡಿಗ್ರಿ ಮುಗಿಸುವ ಹುಡುಗನ ವಯಸ್ಸು.

ಶಿರಡಿಗೆ ಹೋಗುವ ದಾರಿಯಲ್ಲಿ ಅಹಮದ್‌ನಗರ (ಈಗ ಅಹಿಲ್ಯಾನಗರ) ಸಿಗುತ್ತದೆ. ಅಲ್ಲಿ 1994ರಲ್ಲಿ ಆರಂಭವಾದ ಸೇನೆಯ ಟ್ಯಾಂಕ್ ಮ್ಯೂಸಿಯಂನಲ್ಲಿ ಸೆಂಚೂರಿಯನ್‌ನಿಂದ ಹಿಡಿದು ಟ್ಯಾಂಕುಗಳ ಒಂದು ಬಳಗವೇ ಇದೆ. ಮಾದರಿ ಮಾಡುವ ಮಗುವನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಬಹುದು. ಪ್ರದರ್ಶನಕ್ಕಿಟ್ಟ ಟ್ಯಾಂಕುಗಳಿಗೆ ಹೊಸ ಬಣ್ಣ ಬಳಿದಿರುತ್ತಾರೆ, ಧೂಳಿರುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಆ ಮಗುವಿನ ಕಣ್ಣು ಪಳಗಿರುತ್ತದೆ. ಹೊಸ ಬಣ್ಣದ ಕೆಳಗೆ ಏನಿದೆ ಎಂದು ಅದು ಕೇಳಿಯೇ ಕೇಳುತ್ತದೆ.

ಮನೆಯವರ ಗಮನಕ್ಕೆ

* ಬಣ್ಣ, ಥಿನ್ನರ್, ಸ್ಪ್ರೇ ಬಳಸುವಾಗ ಕಿಟಕಿ ತೆರೆದಿರಲಿ ಅಥವಾ ಮಹಡಿಯ ಮೇಲೆ ಕೆಲಸ ನಡೆಯಲಿ. ಮುಖಕ್ಕೆ ತಕ್ಕ ಮಾಸ್ಕ್, ಕೈಗೆ ಗ್ಲೌಸ್ ಇರಲಿ. ಹತ್ತಿರದಲ್ಲಿ ಒಲೆ, ದೀಪ, ಊದುಬತ್ತಿ ಬೇಡವೇ ಬೇಡ.
* ಥಿನ್ನರನ್ನು ನೀರಿನ ಬಾಟಲಿಗೆ ಎಂದೂ ತುಂಬಿಡಬಾರದು. ಚಿಕ್ಕ ಮಕ್ಕಳಿಗೆ ಎಟುಕದಂತೆ ಬೀಗ ಹಾಕಿಡಿ.
* ಚಾಕುವಿನ ಬ್ಲೇಡ್ ಹರಿತವಾಗಿರಲಿ. ಮೊಂಡಾದ ಬ್ಲೇಡೇ ಹೆಚ್ಚು ಜಾರುವುದು. ಕತ್ತರಿಸುವ ದಿಕ್ಕು ಯಾವಾಗಲೂ ಕೈಯಿಂದ ದೂರಕ್ಕೆ. ಪ್ಲಾಸ್ಟಿಕ್ಕನ್ನು ಉಜ್ಜುವಾಗ ನೀರು ಹಚ್ಚಿದರೆ ಧೂಳು ಏಳುವುದಿಲ್ಲ.
* ಲಿಥಿಯಂ ಬ್ಯಾಟರಿಯನ್ನು ಅದರದೇ ಚಾರ್ಜರ್‌ನಲ್ಲಿ, ಯಾರಾದರೂ ಎದುರಿಗಿದ್ದಾಗ ಮಾತ್ರ ಚಾರ್ಜ್ ಮಾಡಬೇಕು. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಬಳಸಬಾರದು.
* ದೊಡ್ಡ ಟ್ಯಾಂಕಿಗೆ ಸಾವಿರಾರು ರೂಪಾಯಿ ಬೇಕು. ಮೊದಲ ದಿನವೇ ಅದನ್ನು ತರಬೇಕಿಲ್ಲ. ಮನೆಯಲ್ಲಿ ಮುರಿದು ಬಿದ್ದ ಪ್ಲಾಸ್ಟಿಕ್ ಲಾರಿಯೊಂದು ಇದ್ದೇ ಇರುತ್ತದೆ. ವಾಶ್, ಒಣ ಕುಂಚ, ಕೆಸರು ಎಲ್ಲವನ್ನೂ ಅದರ ಮೇಲೆ ಕಲಿಯಲಿ. ಆ ಲಾರಿ ನಿಜವಾದ ಲಾರಿಯಂತೆ ಕಂಡ ದಿನ, ಟ್ಯಾಂಕಿನ ಮಾತು ತೆಗೆಯಬಹುದು.